ಗೇಮಿಂಗ್ ಕಂಪ್ಯೂಟರಿಗೆ ಎಷ್ಟು ವ್ಯಾಟ್‌ನ ಪವರ್ ಸಪ್ಲೈ ಬೇಕು?

ಪ್ರಶ್ನೆ: ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಮೂರು ವರ್ಷ ಕೂಡಿಟ್ಟ ಹಣದಲ್ಲಿ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಪ್ರೊಸೆಸರ್ ರೈಜನ್ 5 7600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5070, ಮೆಮೊರಿ 32 ಜಿಬಿ, ಒಂದು ಎಸ್‌ಎಸ್‌ಡಿ, ಹಳೆಯ ಕಂಪ್ಯೂಟರಿನಿಂದ ತೆಗೆದಿಟ್ಟ ಒಂದು ಹಾರ್ಡ್ ಡಿಸ್ಕ್, ಕ್ಯಾಬಿನೆಟ್ಟಿಗೆ ಆರು ಫ್ಯಾನ್. ಅಂಗಡಿಯವರು 850 ವ್ಯಾಟ್‌ಗಿಂತ ಕಡಿಮೆ ಬೇಡವೇ ಬೇಡ ಎನ್ನುತ್ತಾರೆ. ಗೆಳೆಯ 550 ಧಾರಾಳವಾಯಿತು ಎನ್ನುತ್ತಾನೆ. 850 ಹಾಕಿದರೆ ಕರೆಂಟ್ ಬಿಲ್ ಏರುತ್ತದೆ, ಮನೆಯಲ್ಲಿರುವ 1000 ವಿಎ ಯುಪಿಎಸ್ ತಡೆಯುವುದಿಲ್ಲ ಎಂಬುದು ನಮ್ಮ ತಂದೆಯವರ ಆತಂಕ. ಎರಡು ಮೂರು ವರ್ಷಗಳ ನಂತರ ಇನ್ನೂ ದೊಡ್ಡ ಕಾರ್ಡ್ ಹಾಕುವ ಆಸೆಯೂ ಇದೆ. ಯಾವುದನ್ನು ಕೊಳ್ಳಲಿ?

ಉತ್ತರ: ನೀವು ಬರೆದಿರುವ ಭಾಗಗಳಿಗೆ ಒಳ್ಳೆಯ ಗುಣಮಟ್ಟದ 650 ವ್ಯಾಟ್‌ನ ಪವರ್ ಸಪ್ಲೈ ಸಾಕು. ಮುಂದೆ ದೊಡ್ಡ ಕಾರ್ಡ್ ಹಾಕುವುದು ಬರೀ ಆಸೆಯಾಗಿರದೆ ಗಟ್ಟಿ ನಿರ್ಧಾರವೇ ಆಗಿದ್ದರೆ ಈಗಲೇ 750 ವ್ಯಾಟ್‌ನದನ್ನು ಕೊಳ್ಳಿ. 850ರ ಅಗತ್ಯ ನಿಮಗಿಲ್ಲ. ನಿಮ್ಮ ಗೆಳೆಯ ಹೇಳಿದ 550 ಲೆಕ್ಕದ ಮಟ್ಟಿಗೆ ತಪ್ಪಲ್ಲವಾದರೂ ನಿಮ್ಮ ಊರಿನ ಬೇಸಿಗೆಯನ್ನೂ ಅಲ್ಲಿ ಕರೆಂಟ್ ಹೋಗಿ ಬರುವ ರೀತಿಯನ್ನೂ ನೆನೆದರೆ ನಾನು ಅದನ್ನು ಆರಿಸುವುದಿಲ್ಲ. ಪ್ಯಾಕೆಟ್ಟಿನ ಮೇಲಿನ ವ್ಯಾಟ್ ಸಂಖ್ಯೆಯನ್ನು ಮಾತ್ರ ನೋಡಿ ಕೊಂಡವರು ಕೈಸುಟ್ಟುಕೊಂಡದ್ದನ್ನು ರಿಪೇರಿ ಮೇಜಿನ ಈಚೆ ಕುಳಿತು ಹಲವು ವರ್ಷ ನೋಡಿದ್ದೇನೆ. ಆದ್ದರಿಂದ ಈ ತೀರ್ಮಾನಕ್ಕೆ ಹೇಗೆ ಬಂದೆನೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ತಂದೆಯವರ ಆತಂಕ. ಪವರ್ ಸಪ್ಲೈ ಮೇಲೆ ಬರೆದಿರುವ 650 ಅಥವಾ 850 ಎಂಬುದು ಅದು ಕೊಡಬಲ್ಲ ಗರಿಷ್ಠ ವಿದ್ಯುತ್ತಿನ ಪ್ರಮಾಣವೇ ಹೊರತು ಅದು ಸದಾ ಎಳೆದುಕೊಳ್ಳುವ ಪ್ರಮಾಣವಲ್ಲ. ನಿಮ್ಮ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವನ್ನೇ ಅವರಿಗೆ ಉದಾಹರಣೆಯಾಗಿ ಕೊಡಿ. ಅಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕಗಳೂ 250 ಮೆಗಾವ್ಯಾಟ್‌ನ ಒಂದು ಘಟಕವೂ ಸೇರಿ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್ ಆಗಿದೆ. ಹಾಗೆಂದು ಮಳೆಗಾಲದಲ್ಲಿ ಬೇಡಿಕೆ ಕುಸಿದಾಗಲೂ ಅಷ್ಟನ್ನೇ ಉತ್ಪಾದಿಸುತ್ತಾರೆಯೇ? ಪವರ್ ಸಪ್ಲೈ ಕೂಡ ಹಾಗೆಯೇ. ಒಳಗಿನ ಭಾಗಗಳು 400 ವ್ಯಾಟ್ ಕೇಳಿದರೆ 650ರದೂ 400 ಕೊಡುತ್ತದೆ, 850ರದೂ 400 ಕೊಡುತ್ತದೆ. ಗೋಡೆಯ ಪ್ಲಗ್ಗಿನಿಂದ ಎಳೆಯುವುದರಲ್ಲಿ ಇವೆರಡರ ನಡುವೆ ಇರುವ ವ್ಯತ್ಯಾಸ ನಾಲ್ಕಾರು ವ್ಯಾಟ್ ಮಾತ್ರ. ಬಿಲ್ಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಬಿಲ್ಲನ್ನು ಏರಿಸುವುದು ಆಟವಾಡುವ ಗಂಟೆಗಳು. ದಿನಕ್ಕೆ ನಾಲ್ಕು ಗಂಟೆ ಭಾರವಾದ ಆಟವಾಡಿದರೆ, ಒಳಗೆ 400 ವ್ಯಾಟ್ ಬೇಕಾದಲ್ಲಿ, ಶೇಕಡಾ 90ರ ದಕ್ಷತೆಯ ಪವರ್ ಸಪ್ಲೈ ಗೋಡೆಯಿಂದ ಸುಮಾರು 444 ವ್ಯಾಟ್ ತೆಗೆದುಕೊಳ್ಳುತ್ತದೆ, ತಿಂಗಳಿಗೆ 53 ಯೂನಿಟ್ ಆಗುತ್ತದೆ. ನಿಮ್ಮ ಮನೆ ಗೃಹಜ್ಯೋತಿಯ ಲಾಭ ಪಡೆಯುತ್ತಿದ್ದರೆ ಈ 53 ಯೂನಿಟ್ ನಿಜಕ್ಕೂ ಯೋಚಿಸಬೇಕಾದ ಸಂಗತಿ; ಏಕೆಂದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ತಂದೆಯವರೊಡನೆ ಮಾತಾಡಬೇಕಾದದ್ದು ಇದನ್ನು. 650 ಬೇಕೋ 850 ಬೇಕೋ ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಈಗ ನಿಮ್ಮ ಕಂಪ್ಯೂಟರಿಗೆ ಬೇಕಾದದ್ದೆಷ್ಟು ಎಂದು ಕೂಡಿ ನೋಡೋಣ. ಆರ್‌ಟಿಎಕ್ಸ್ 5070 ಕಾರ್ಡಿನ ಘೋಷಿತ ವಿದ್ಯುತ್ ಮಿತಿ 250 ವ್ಯಾಟ್. ರೈಜನ್ 5 7600ರ ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿರುತ್ತದೆ. ಆದರೆ ಅದು ಕೂಲರ್ ಆರಿಸುವುದಕ್ಕೆಂದು ಕೊಟ್ಟ ಅಂಕಿ. ಪ್ರೊಸೆಸರ್ ಸಾಕೆಟ್ಟಿನಿಂದ ವಾಸ್ತವವಾಗಿ ಎಳೆಯಬಹುದಾದ ಮಿತಿಯನ್ನು ಎಎಂಡಿ 88 ವ್ಯಾಟ್‌ಗೆ ಇಟ್ಟಿದೆ. ಲೆಕ್ಕ ಹಾಕುವಾಗ ಯಾವಾಗಲೂ ಈ ಎರಡನೆಯ ಅಂಕಿಯನ್ನೇ ಹಿಡಿಯಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬೇಸ್ ಪವರ್ ಅನ್ನು ಬಿಟ್ಟು ಗರಿಷ್ಠ ಟರ್ಬೊ ಪವರ್ ಎಂದು ಕೊಟ್ಟಿರುವುದನ್ನು ಹಿಡಿಯಿರಿ. ಕೋರ್ ಐ7 14700ಕೆಯಲ್ಲಿ ಈ ಅಂಕಿ 125ರಿಂದ 253ಕ್ಕೆ ಹಾರುತ್ತದೆ. ಉಳಿದಂತೆ ಮದರ್‌ಬೋರ್ಡಿಗೆ 25ರಿಂದ 30, ಎರಡು ಮೆಮೊರಿ ಪಟ್ಟಿಗಳಿಗೆ 10, ಎಸ್‌ಎಸ್‌ಡಿಗೆ 5ರಿಂದ 8, ಹಾರ್ಡ್ ಡಿಸ್ಕಿಗೆ ಸುಮಾರು 8, ಆರು ಫ್ಯಾನುಗಳಿಗೆ 15, ಕೀಬೋರ್ಡು ಮೌಸು ಹೆಡ್‌ಫೋನುಗಳಿಗೆ ಐದಾರು ವ್ಯಾಟ್ ಎಂದರೆ ಉದಾರವಾಗಿ 75 ಎಂದಿಟ್ಟುಕೊಳ್ಳಿ. ಒಟ್ಟು 413 ವ್ಯಾಟ್. ಮಾನಿಟರ್ ಬೇರೆ ಪ್ಲಗ್ಗಿನಲ್ಲಿ ಕರೆಂಟ್ ತೆಗೆದುಕೊಳ್ಳುವುದರಿಂದ ಅದು ಇಲ್ಲಿ ಬರುವುದಿಲ್ಲ.

ಆಟವಾಡುವಾಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೇ ತಮ್ಮ ಮಿತಿಯನ್ನು ಮುಟ್ಟುವುದು ಅಪರೂಪ. ಹೀಗಾಗಿ ಸಾಮಾನ್ಯ ದಿನಗಳಲ್ಲಿ ನಿಮ್ಮ ಕಂಪ್ಯೂಟರ್ 350ರಿಂದ 380 ವ್ಯಾಟ್‌ಗಳ ನಡುವೆ ಓಡುತ್ತದೆ. ನಿಮ್ಮ ಗೆಳೆಯ 550 ಸಾಕು ಎಂದದ್ದು ಈ ಆಧಾರದ ಮೇಲೆಯೇ ಇರಬೇಕು. ಆದರೆ ಈ ಅಂಕಿಗಳೆಲ್ಲ ಸರಾಸರಿ ಅಂಕಿಗಳು. ನಮ್ಮ ಹಳ್ಳಿಗಳಲ್ಲಿ ಬಾವಿಯ ಪಂಪ್‌ಸೆಟ್ ಶುರುವಾದ ಕ್ಷಣ ಮನೆಯ ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ನೀವು ಕಂಡಿರುತ್ತೀರಿ. ಓಡುವಾಗ ಮೋಟಾರು ಎಳೆಯುವ ಕರೆಂಟಿಗಿಂತ ಹೊರಡುವಾಗ ಎಳೆಯುವುದು ಹಲವು ಪಟ್ಟು ಹೆಚ್ಚು. ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಇಂಥ ಎಳೆತಗಳಿವೆ, ಅದೂ ಸೆಕೆಂಡಿಗೆ ಅನೇಕ ಬಾರಿ. ಪರದೆಯ ಮೇಲೆ ಒಮ್ಮೆಲೇ ಸ್ಫೋಟದ ದೃಶ್ಯ ಬಂದಾಗ, ಲೋಡಿಂಗ್ ಮುಗಿದು ಆಟ ತೆರೆದುಕೊಂಡಾಗ, ಕಾರ್ಡು ಒಂದು ಮಿಲಿಸೆಕೆಂಡಿನ ಸಣ್ಣ ಅಂಶದಷ್ಟು ಕಾಲ ತನ್ನ ಘೋಷಿತ ಮಿತಿಯನ್ನು ಬಹಳವಾಗಿ ಮೀರಿ ಎಳೆಯುತ್ತದೆ. ಮಾನಿಟರಿಂಗ್ ಸಾಫ್ಟ್‌ವೇರ್ ಸೆಕೆಂಡಿಗೊಮ್ಮೆ ಓದುವುದರಿಂದ ಅದರ ಕಣ್ಣಿಗೆ ಇದು ಕಾಣುವುದಿಲ್ಲ, ಪವರ್ ಸಪ್ಲೈಯೊಳಗಿನ ರಕ್ಷಣಾ ಸರ್ಕ್ಯೂಟಿಗೆ ಕಾಣುತ್ತದೆ. ಅದು ಇದನ್ನು ಶಾರ್ಟ್ ಸರ್ಕ್ಯೂಟ್ ಎಂದು ಭಾವಿಸಿದರೆ ಇಡೀ ಕಂಪ್ಯೂಟರನ್ನು ತಟ್ಟನೆ ಆರಿಸಿಬಿಡುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080 ಮತ್ತು 3090 ಬಂದಾಗ, ಕಾಗದದ ಲೆಕ್ಕದಲ್ಲಿ ಧಾರಾಳವಾಗಿದ್ದ 750 ವ್ಯಾಟ್‌ನ ಒಳ್ಳೆಯ ಪವರ್ ಸಪ್ಲೈಗಳೂ ಕೆಲವೆಡೆ ಹೀಗೆ ಆರಿಹೋದವು. ಅಂಗಡಿಯವರು ಎಲ್ಲರಿಗೂ 850 ಹೇಳುವ ಅಭ್ಯಾಸ ಬೆಳೆದದ್ದು ಆ ಕಾಲದ ಅನುಭವದಿಂದ ಎಂದು ನನ್ನ ಅನಿಸಿಕೆ. ಅವರನ್ನು ನಾನು ದೂರುವುದಿಲ್ಲ.

ಆದರೆ ಆ ಸಮಸ್ಯೆಗೆ ಈಗ ಬೇರೆಯೇ ಪರಿಹಾರ ಬಂದಿದೆ. ಪವರ್ ಸಪ್ಲೈ ಹೇಗಿರಬೇಕೆಂದು 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡವೂ ಅದರ ಮುಂದುವರಿಕೆಯಾದ 3.1 ಕೂಡ ಇಂಥ ಕ್ಷಣಿಕ ಎಳೆತವನ್ನು ತಡೆದುಕೊಳ್ಳುವುದನ್ನೇ ಒಂದು ಷರತ್ತಾಗಿಸಿವೆ. ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಕೊಡುವ ಹೊಸ 16 ಪಿನ್‌ನ ಕನೆಕ್ಟರ್ ಇರುವ, 450 ವ್ಯಾಟ್‌ಗಿಂತ ದೊಡ್ಡ ಪವರ್ ಸಪ್ಲೈ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡುಗಳ ಕಾಲ ಆರಿಹೋಗದೆ ಕೊಡಬೇಕು. ಅಂದರೆ 650 ವ್ಯಾಟ್‌ನದು ಕ್ಷಣಮಾತ್ರ 1300 ವ್ಯಾಟ್ ತಡೆಯಬೇಕು. ಹಳೆಯ ವಿನ್ಯಾಸದ 850ಕ್ಕಿಂತ ಹೊಸ ಮಾನದಂಡದ 650 ನಿಮ್ಮ ಕಾರ್ಡಿಗೆ ಹೆಚ್ಚು ಭರವಸೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಆರ್‌ಟಿಎಕ್ಸ್ 5070ಕ್ಕೆ ಎನ್‌ವಿಡಿಯಾ ಕಂಪನಿಯೇ ಸೂಚಿಸಿರುವುದು 650 ವ್ಯಾಟ್. ನಿಮ್ಮದಕ್ಕಿಂತ ಹೆಚ್ಚು ವಿದ್ಯುತ್ ಬೇಡುವ ಪ್ರೊಸೆಸರ್ ಇದೆಯೆಂದು ಎಣಿಸಿಯೇ ಅವರು ಆ ಸಂಖ್ಯೆಯನ್ನು ಕೊಟ್ಟಿರುತ್ತಾರೆ.

ಇಷ್ಟೆಲ್ಲ ಲೆಕ್ಕಕ್ಕೆ ಅರ್ಥ ಬರುವುದು ಪ್ಯಾಕೆಟ್ಟಿನ ಮೇಲಿನ 650 ನಿಜವಾದ 650 ಆಗಿದ್ದಾಗ. ನಮ್ಮ ಬಜಾರಿನಲ್ಲಿ ಇದು ಸದಾ ನಿಜವಲ್ಲ, ಮತ್ತು ನನ್ನನ್ನು ಅತ್ಯಂತ ನೋಯಿಸುವ ಸಂಗತಿ ಇದೇ. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ಹುಡುಗನೊಬ್ಬ ತನ್ನ ಕಂಪ್ಯೂಟರನ್ನು ಹೊತ್ತು ತಂದ. ಆಟ ಶುರುವಾಗಿ ಹದಿನೈದು ನಿಮಿಷಕ್ಕೆ ಪರದೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ಮರುಚಾಲನೆಗೊಳ್ಳುತ್ತಿತ್ತು. ಒಳಗಿದ್ದದ್ದು 170 ವ್ಯಾಟ್ ಮಿತಿಯ ಆರ್‌ಟಿಎಕ್ಸ್ 3060 ಕಾರ್ಡು ಮತ್ತು ಸಾಧಾರಣವಾದ ಒಂದು ಕೋರ್ ಐ5. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದಿದ್ದ ಎಸ್‌ಎಂಪಿಎಸ್ (ಅಂದರೆ ಪವರ್ ಸಪ್ಲೈ) ಮೇಲೆ 450 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿತ್ತು. ಅದರ ಪಕ್ಕದಲ್ಲಿದ್ದ ಸಣ್ಣ ಕೋಷ್ಟಕವನ್ನು ಆ ಹುಡುಗನಾಗಲಿ ಅದನ್ನು ಜೋಡಿಸಿಕೊಟ್ಟವರಾಗಲಿ ಓದಿರಲಿಲ್ಲ. 12 ವೋಲ್ಟ್‌ನ ಸಾಲಿನಲ್ಲಿ 20 ಆಂಪಿಯರ್ ಎಂದಿತ್ತು. 12ನ್ನು 20ರಿಂದ ಗುಣಿಸಿದರೆ 240 ವ್ಯಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಫ್ಯಾನುಗಳೂ ಬದುಕುವುದು ಈ 12 ವೋಲ್ಟ್‌ನ ಮೇಲೆಯೇ. ಉಳಿದ 210 ವ್ಯಾಟನ್ನು ಆ ಪವರ್ ಸಪ್ಲೈ 5 ಮತ್ತು 3.3 ವೋಲ್ಟ್‌ಗಳಲ್ಲಿ ಕೊಡುತ್ತೇನೆ ಎನ್ನುತ್ತಿತ್ತು. ಇಪ್ಪತ್ತೈದು ವರ್ಷಗಳ ಹಿಂದಿನ ಕಂಪ್ಯೂಟರುಗಳು ಆ ವೋಲ್ಟೇಜುಗಳನ್ನು ಹೆಚ್ಚಾಗಿ ಬಳಸುತ್ತಿದ್ದವು. ಇಂದಿನ ಕಂಪ್ಯೂಟರಿಗೆ ಅದರ ಉಪಯೋಗ ಅತ್ಯಲ್ಪ.

12 ವೋಲ್ಟ್‌ನ ಹಳದಿ ತಂತಿಗೆ ಮಲ್ಟಿಮೀಟರ್ ಇಟ್ಟು ಆಟ ಓಡಿಸಿದೆ. ಸುಮ್ಮನಿದ್ದಾಗ 12.1 ತೋರಿಸುತ್ತಿದ್ದ ಮೀಟರ್ ಆಟ ಬಿಸಿಯಾಗುತ್ತಿದ್ದಂತೆ 11.6ಕ್ಕೆ, ನಂತರ 11.3ಕ್ಕೆ ಇಳಿಯಿತು, ಆ ಮೇಲೆ ಪರದೆ ಹೋಯಿತು. ಇಲ್ಲಿ 11.4ಕ್ಕಿಂತ ಕೆಳಗಿಳಿಯಬಾರದು ಎಂಬುದು ಬಹುಕಾಲದ ನಿಯಮ. ಕರೆಂಟ್ ತೆಗೆದು, ಬಹಳ ಹೊತ್ತು ಬಿಟ್ಟು, ಅದರ ಮುಚ್ಚಳ ಬಿಚ್ಚಿ ನೋಡಿದರೆ ಗೋಡೆಯ ಕರೆಂಟನ್ನು ಸೋಸುವ ಕಾಯಿಲ್ ಇರಬೇಕಾದ ಜಾಗದಲ್ಲಿ ಎರಡು ಬರಿಯ ತಂತಿ ತುಂಡುಗಳನ್ನು ಬೆಸೆದಿದ್ದರು, ಕೆಪಾಸಿಟರ್ ಕೂರಬೇಕಾದ ಗುರುತಿನ ಮೇಲೆ ಏನೂ ಇರಲಿಲ್ಲ. ಮುಚ್ಚಳ ತೆಗೆಯುವ ಸಾಹಸವನ್ನು ನೀವು ಮಾಡಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗೂ ಹೆಚ್ಚು ಹಿಡಿದಿಟ್ಟುಕೊಂಡಿರಬಹುದು. ನೀವು ಮಾಡಬೇಕಾದದ್ದು ಅಂಗಡಿಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿ ಆ ಕೋಷ್ಟಕ ಓದುವುದು. 650 ವ್ಯಾಟ್‌ನ ಪ್ರಾಮಾಣಿಕ ಪವರ್ ಸಪ್ಲೈಯಲ್ಲಿ 12 ವೋಲ್ಟ್‌ನ ಸಾಲಿನಲ್ಲಿ 54 ಆಂಪಿಯರ್, ಅಂದರೆ 648 ವ್ಯಾಟ್, ಅಥವಾ ಅದಕ್ಕೆ ತೀರ ಸಮೀಪದ ಅಂಕಿ ಇರುತ್ತದೆ. ಆ ಸಾಲಿನಲ್ಲಿ 40 ಆಂಪಿಯರ್ ಕಂಡರೆ ಅದು 650 ವ್ಯಾಟ್ ಎಂಬ ಹೆಸರಿನ 480 ವ್ಯಾಟ್‌ನ ವಸ್ತು ಎಂದು ತಿಳಿದು ಅಲ್ಲೇ ಬಿಟ್ಟು ಬನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವುದಾದರೂ ಅಷ್ಟೆ, ಆನ್‌ಲೈನ್‌ನಲ್ಲಿ ತರಿಸುವುದಾದರೂ ಅಷ್ಟೆ. ಆನ್‌ಲೈನ್‌ನಲ್ಲಿ ಈ ಕೋಷ್ಟಕದ ಚಿತ್ರ ಹಾಕದೆ ಇರುವವರಿಂದ ಕೊಳ್ಳುವುದೇ ಬೇಡ.

ಎರಡನೆಯದು ಶಾಖ. ಪವರ್ ಸಪ್ಲೈ ತನ್ನ ಪೂರ್ಣ ಸಾಮರ್ಥ್ಯವನ್ನು ಯಾವ ಉಷ್ಣಾಂಶದವರೆಗೆ ಕೊಡಬಲ್ಲದು ಎಂಬುದನ್ನು ಒಳ್ಳೆಯ ತಯಾರಕರು ಬರೆದೇ ಬರೆಯುತ್ತಾರೆ: ಕೆಲವರದು 40 ಡಿಗ್ರಿ ಸೆಲ್ಸಿಯಸ್, ಇನ್ನೂ ಉತ್ತಮವಾದವು 50 ಡಿಗ್ರಿ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಹೊರಗಿನ ಬಿಸಿಲೇ 40 ದಾಟುತ್ತದೆ. ಎ.ಸಿ. ಇಲ್ಲದ ಕೋಣೆ, ಅದರಲ್ಲಿ ಮೇಜಿನ ಕೆಳಗಿನ ಮರದ ಗೂಡು, ಅದರೊಳಗೆ ಕ್ಯಾಬಿನೆಟ್ ಎಂದಾದರೆ ಪವರ್ ಸಪ್ಲೈ ಎಳೆದುಕೊಳ್ಳುವ ಗಾಳಿ ಇನ್ನೂ ಬಿಸಿ. 40 ಡಿಗ್ರಿಗೆ ಅಳೆದು 550 ಎಂದದ್ದು ಅಂಥ ಮಧ್ಯಾಹ್ನ 550 ಆಗಿ ಉಳಿಯುವುದಿಲ್ಲ. ಇದಲ್ಲದೆ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾನು 550ನ್ನು ಬೇಡವೆಂದದ್ದಕ್ಕೆ ಮೊದಲ ಕಾರಣ ಇದು. 650ರಲ್ಲಿ ನಿಮ್ಮ 413 ವ್ಯಾಟ್ ಶೇಕಡಾ 64ರಷ್ಟು ಹೊರೆ. ಫ್ಯಾನ್ ಕೂಗಾಡುವುದಿಲ್ಲ, ಕೆಪಾಸಿಟರುಗಳೂ ತಂಪಾಗಿರುತ್ತವೆ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗಿಡಿ, ಕೆಳಗಿನ ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ನಿಮ್ಮ ಕಡೆಯ ಧೂಳಿಗೆ ಆ ಜಾಲರಿ ತಿಂಗಳೊಳಗೇ ಕಟ್ಟಿಕೊಳ್ಳುತ್ತದೆ.

ಈಗ ಯುಪಿಎಸ್. ನಿಮ್ಮದು 1000 ವಿಎ ಎಂದಿದ್ದೀರಿ. ವಿಎ ಎಂದರೆ ವೋಲ್ಟ್-ಆಂಪಿಯರ್, ಅದು ವ್ಯಾಟ್ ಅಲ್ಲ. ಈ ವರ್ಗದ ಹೆಚ್ಚಿನ ಯುಪಿಎಸ್‌ಗಳು ಕೊಡುವುದು 600 ವ್ಯಾಟ್. ಹಿಂಬದಿಯಲ್ಲಿ ವ್ಯಾಟ್ ಎಷ್ಟೆಂದು ಬೇರೆಯಾಗಿ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ. ಅದು ಹೊರಬೇಕಾದದ್ದು ಪವರ್ ಸಪ್ಲೈ ಮೇಲೆ ಬರೆದ ಸಂಖ್ಯೆಯನ್ನಲ್ಲ, ಆ ಹೊತ್ತಿಗೆ ಗೋಡೆಯಿಂದ ಎಳೆಯುವ ವಿದ್ಯುತ್ತನ್ನು. ನಿಮ್ಮ ಕಂಪ್ಯೂಟರಿನ ಅತಿಹೆಚ್ಚಿನ 413 ವ್ಯಾಟ್ ಗೋಡೆಯ ಬಳಿ ಸುಮಾರು 460 ಆಗುತ್ತದೆ, ಮಾನಿಟರಿಗೆ 40 ಸೇರಿಸಿದರೆ 500. ಆದ್ದರಿಂದ 600 ವ್ಯಾಟ್‌ನ ಯುಪಿಎಸ್ ತಡೆಯುತ್ತದೆ, ಪವರ್ ಸಪ್ಲೈ 650ರದಾಗಲಿ 850ರದಾಗಲಿ. ಅಷ್ಟು ಹೊರೆಯಲ್ಲಿ ಬ್ಯಾಟರಿ ಕೆಲವೇ ನಿಮಿಷ ಬರುತ್ತದೆ. ಆಟವನ್ನು ಉಳಿಸಿ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಲು ಮಾತ್ರ ಅದನ್ನು ನಂಬಿ.

ಇಲ್ಲಿ ವ್ಯಾಟ್‌ಗೆ ಸಂಬಂಧಿಸಿದ, ಆದರೆ ಹೆಚ್ಚು ಜನ ಗಮನಿಸದ ಒಂದು ವಿಷಯವಿದೆ. ಕರೆಂಟ್ ಹೋದ ಕ್ಷಣಕ್ಕೂ ಯುಪಿಎಸ್ ಬ್ಯಾಟರಿಗೆ ಬದಲಾಯಿಸಿಕೊಳ್ಳುವ ಕ್ಷಣಕ್ಕೂ ನಡುವೆ ಕೆಲವು ಮಿಲಿಸೆಕೆಂಡುಗಳ ಖಾಲಿ ಜಾಗ ಇರುತ್ತದೆ. ಸಾಮಾನ್ಯ ಕಂಪ್ಯೂಟರ್ ಯುಪಿಎಸ್‌ನಲ್ಲಿ ಅದು 10 ಮಿಲಿಸೆಕೆಂಡಿನ ಒಳಗೆ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್‌ಗೆ ಹಾಕದಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಕಂಪ್ಯೂಟರನ್ನು ಬದುಕಿಸುವುದು ಪವರ್ ಸಪ್ಲೈಯೊಳಗಿನ ಆ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿರುವ ವಿದ್ಯುತ್ತು. ಎಟಿಎಕ್ಸ್ 3.1ರ ಪ್ರಕಾರ ಪೂರ್ಣ ಹೊರೆಯಲ್ಲಿ ಅದು ಕನಿಷ್ಠ 12 ಮಿಲಿಸೆಕೆಂಡ್ ಬರಬೇಕು. ಹೊರೆ ಕಡಿಮೆಯಿದ್ದಷ್ಟೂ ಅದು ಹೆಚ್ಚು ಹೊತ್ತು ಬರುತ್ತದೆ: 650 ವ್ಯಾಟ್‌ಗೆ 12 ಮಿಲಿಸೆಕೆಂಡ್ ಎಂದಾದರೆ 413 ವ್ಯಾಟ್‌ಗೆ ಸುಮಾರು 19. ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರಿನವರು ಲೆಕ್ಕಕ್ಕಿಂತ ನೂರು, ನೂರೈವತ್ತು ವ್ಯಾಟ್ ಹೆಚ್ಚಿನದನ್ನು ಕೊಳ್ಳುವುದರಲ್ಲಿ ನಿಜವಾದ ಅರ್ಥವಿರುವುದು ಇಲ್ಲಿ. 550ನ್ನು ಬೇಡವೆಂದದ್ದಕ್ಕೆ ಎರಡನೆಯ ಕಾರಣವೂ ಇದೇ.

ಯುಪಿಎಸ್ ಕುರಿತೇ ಇನ್ನೊಂದು ಎಚ್ಚರಿಕೆ. ಇಂದಿನ ಒಳ್ಳೆಯ ಪವರ್ ಸಪ್ಲೈಗಳಲ್ಲೆಲ್ಲ ಗೋಡೆಯಿಂದ ಕರೆಂಟನ್ನು ಅದರ ಅಲೆಗೆ ತಕ್ಕಂತೆ ಎಳೆಯುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ವಿದ್ಯುತ್ತಿನ ಅಲೆ ನಿಜವಾದ ಸೈನ್ ವೇವ್ ಆಗಿರದೆ ಮೆಟ್ಟಿಲಿನಂತಿರುತ್ತದೆ, ಮತ್ತು ಹೊರೆ ಹೆಚ್ಚಿದ್ದಾಗ ಈ ಎರಡು ಒಂದಕ್ಕೊಂದು ಹೊಂದದೆ ಕಂಪ್ಯೂಟರ್ ಆರಿಹೋಗುವುದುಂಟು. ಎಲ್ಲ ಕಡೆ ಹೀಗಾಗುತ್ತದೆ ಎಂದಲ್ಲ. ಜೋಡಿಸಿದ ಮೊದಲ ವಾರವೇ, ಮುಖ್ಯವಾದ ಕೆಲಸವೇನೂ ತೆರೆದಿರದ ಹೊತ್ತಿನಲ್ಲಿ, ಆಟ ಓಡುತ್ತಿರುವಾಗ ಯುಪಿಎಸ್‌ಗೆ ಬರುವ ಗೋಡೆಯ ಸ್ವಿಚ್ ಆರಿಸಿ ಪರೀಕ್ಷಿಸಿಬಿಡಿ. ಕಂಪ್ಯೂಟರ್ ಸತ್ತರೆ ಬೇಕಾದದ್ದು ಪ್ಯೂರ್ ಸೈನ್ ವೇವ್‌ನ ಯುಪಿಎಸ್, ದೊಡ್ಡ ಪವರ್ ಸಪ್ಲೈ ಅಲ್ಲ.

ಚಿನ್ನ, ಕಂಚು ಎಂಬ ಪದಕಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 80 ಪ್ಲಸ್ ಎಂಬುದು ದಕ್ಷತೆಯ ಗುರುತು. ಅಮೆರಿಕದ 115 ವೋಲ್ಟ್‌ನಲ್ಲಿ ಅಳೆದಾಗ ಅರ್ಧ ಹೊರೆಯಲ್ಲಿ ಬ್ರಾಂಜ್ ಶೇಕಡಾ 85, ಗೋಲ್ಡ್ ಶೇಕಡಾ 90 ಮುಟ್ಟಬೇಕು. ನಮ್ಮ 230 ವೋಲ್ಟ್‌ನಲ್ಲಿ ಎರಡೂ ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಅಂಶ ಮೇಲಿರುತ್ತವೆ. 400 ವ್ಯಾಟ್‌ನ ಹೊರೆಗೆ ಇವೆರಡರ ವ್ಯತ್ಯಾಸ ಸುಮಾರು 26 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 3 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 22 ರೂಪಾಯಿ. ಬಿಲ್ಲಿಗೋಸ್ಕರ ಗೋಲ್ಡ್ ಕೊಳ್ಳಬೇಕಾಗಿಲ್ಲ. ಆದರೂ ನಾನು ಗೋಲ್ಡ್ ಎಂದು ಹೇಳುವುದು, ಆ ಮಟ್ಟ ಮುಟ್ಟಲು ತಯಾರಕರು ಸಾಮಾನ್ಯವಾಗಿ ಒಳಗಿನ ವಿನ್ಯಾಸವನ್ನೇ ಉತ್ತಮಗೊಳಿಸಬೇಕಾಗುವುದರಿಂದ ಮತ್ತು ಆ 26 ವ್ಯಾಟ್ ಶಾಖವಾಗಿ ನಿಮ್ಮ ಕೋಣೆಗೇ ಸೇರುವುದರಿಂದ. ಪದಕವೊಂದೇ ಗುಣಮಟ್ಟದ ಸಾಕ್ಷಿಯಲ್ಲ. ಬ್ರಾಂಜ್ ಆಗಿಯೂ ಗಟ್ಟಿಯಾದವು ಇವೆ. ಏಳು ಅಥವಾ ಹತ್ತು ವರ್ಷದ ವಾರಂಟಿ ಕೊಟ್ಟಿದ್ದಾರೆಯೇ, 105 ಡಿಗ್ರಿಯ ಕೆಪಾಸಿಟರುಗಳನ್ನು ಹಾಕಿದ್ದಾರೆಯೇ, ಇನ್‌ಪುಟ್ ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿದೆಯೇ ಎಂಬುದನ್ನು ಅದರೊಡನೆ ನೋಡಿ. ಈ ಕೊನೆಯದು ನಮಗೆ ಬಹಳ ಮುಖ್ಯ. ಸಂಜೆ ವೋಲ್ಟೇಜು 180ಕ್ಕೆ ಕುಸಿದಾಗಲೂ ಅಂಥದ್ದು ಸ್ಟೆಬಿಲೈಜರ್ ಇಲ್ಲದೆ ಓಡುತ್ತದೆ. 200ರಿಂದ 240 ಎಂದು ಮಾತ್ರ ಬರೆದದ್ದಕ್ಕೆ ಆ ಭರವಸೆ ಇಲ್ಲ.

ಪವರ್ ಸಪ್ಲೈ ಆರಿಸುವ ಮೊದಲೇ ಮನೆಯ ಅರ್ಥಿಂಗ್ ನೋಡಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕ್ಯಾಬಿನೆಟ್ಟಿನ ತಗಡಿಗೆ ಬರಿಗೈ ತಾಗಿದಾಗ ಜುಮ್ ಎನ್ನುವುದನ್ನು ನಮ್ಮಲ್ಲಿ ಎಷ್ಟೋ ಜನ ಸಹಜವೆಂದು ಒಪ್ಪಿಕೊಂಡಿದ್ದಾರೆ. ಪವರ್ ಸಪ್ಲೈಯ ಸೋಸುವ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಅದರ ತಗಡಿನ ಮೈಗೆ ಜೋಡಿಸಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ ಎರಡರ ನಡುವೆ, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೂಗಾಡುತ್ತಿರುತ್ತದೆ. ಹರಿಯುವ ಕರೆಂಟ್ ಅತ್ಯಲ್ಪವಾದ್ದರಿಂದ ಜುಮ್ ಎನ್ನುತ್ತದೆ, ಅಷ್ಟೆ. ಆದರೆ ಒಳಗೆ ಎಂದಾದರೂ ಫೇಸ್ ನೇರವಾಗಿ ತಗಡಿಗೆ ತಾಗಿದರೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪ್ಲಗ್ಗಿನಲ್ಲಿ ಅಳೆಯಿಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿರಬಾರದು. 850ರ ಬದಲು 650 ಕೊಂಡು ಉಳಿಯುವ ಹಣವನ್ನು ಮೊದಲು ಇದಕ್ಕೆ ಖರ್ಚು ಮಾಡಿ.

ಮುಂದಿನ ದೊಡ್ಡ ಕಾರ್ಡಿನ ಮಾತಿಗೆ ಬರುತ್ತೇನೆ. ಇಂದಿನ ಆರ್‌ಟಿಎಕ್ಸ್ 5070 ಟಿಐ 300 ವ್ಯಾಟ್, ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ 304 ವ್ಯಾಟ್. ಎರಡಕ್ಕೂ ತಯಾರಕರು ಸೂಚಿಸುವುದು 750. ನೀವು ಅಂಥ ಕಾರ್ಡಿನ ಜೊತೆ 162 ವ್ಯಾಟ್ ಮಿತಿಯ ರೈಜನ್ 7 7800ಎಕ್ಸ್3ಡಿ ಹಾಕಿದರೂ ಒಟ್ಟು ಸುಮಾರು 540 ಆಗುತ್ತದೆ, 750ರಲ್ಲಿ ಅದು ಶೇಕಡಾ 72. ಅದನ್ನು ದಾಟಿ 360 ವ್ಯಾಟ್‌ನ ಆರ್‌ಟಿಎಕ್ಸ್ 5080ಯಂಥದ್ದಕ್ಕೆ, ಅಥವಾ ನಾನು ಮೇಲೆ ಹೇಳಿದ 253 ವ್ಯಾಟ್‌ನ ಪ್ರೊಸೆಸರ್ ಮತ್ತು 300 ವ್ಯಾಟ್‌ನ ಕಾರ್ಡ್ ಜೊತೆಗೂಡಿದಲ್ಲಿ ಮಾತ್ರ 850 ಬೇಕಾಗುತ್ತದೆ. 575 ವ್ಯಾಟ್‌ನ ಆರ್‌ಟಿಎಕ್ಸ್ 5090ರದು 1000 ವ್ಯಾಟ್‌ನ ಬೇರೆಯೇ ಲೋಕ. ನಿಮ್ಮ 1000 ವಿಎ ಯುಪಿಎಸ್ ಇಂಥ ಯಾವುದನ್ನೂ ಹೊರಲಾರದು ಎಂಬುದನ್ನೂ ಆಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಜೋಡಿಸುವಾಗ ಎರಡು ವಿಷಯಗಳಲ್ಲಿ ತಪ್ಪಬೇಡಿ. ಮೊದಲನೆಯದಾಗಿ, ಹಳೆಯ ಪವರ್ ಸಪ್ಲೈಯ ಕಳಚುವ ಕೇಬಲ್ಲುಗಳನ್ನು ಹೊಸದಕ್ಕೆ ಬಳಸಲೇಬೇಡಿ. ಹಾರ್ಡ್ ಡಿಸ್ಕಿನ ತುದಿ ಎಲ್ಲದರಲ್ಲಿಯೂ ಒಂದೇ ಆದರೂ ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜು ಎಂಬುದು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. ಕೇಬಲ್ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗುತ್ತದೆ, ಹಾರ್ಡ್ ಡಿಸ್ಕ್ ಒಂದೇ ಕ್ಷಣದಲ್ಲಿ ಸುಡುತ್ತದೆ. ನೀವು ಹಳೆಯ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕುತ್ತಿರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮನೆಯವರ ಹತ್ತು ವರ್ಷದ ಫೋಟೊಗಳಿದ್ದ ಡಿಸ್ಕೊಂದು ಹೀಗೆ ಹೋದ ಮೇಲೆ ನನ್ನ ಬಳಿ ಬಂದಿತ್ತು, ನನ್ನಿಂದ ಏನೂ ಮಾಡಲಾಗಲಿಲ್ಲ. ಎರಡನೆಯದು, ಗ್ರಾಫಿಕ್ಸ್ ಕಾರ್ಡಿನ 16 ಪಿನ್‌ನ ಕನೆಕ್ಟರ್. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಇದು ಕರಗಿದ ಪ್ರಕರಣಗಳಲ್ಲಿ ಪೂರ್ತಿ ಒಳಗೆ ಕೂರದಿದ್ದದ್ದು ಒಂದು ಮುಖ್ಯ ಕಾರಣವಾಗಿತ್ತು. ಈಗಿನ 12ವಿ-2ಎಕ್ಸ್6 ಎಂಬ ತಿದ್ದಿದ ರೂಪದಲ್ಲಿ ಸೂಚನಾ ಪಿನ್ನುಗಳನ್ನು ಗಿಡ್ಡ ಮಾಡಿ, ಸರಿಯಾಗಿ ಕೂರದಿದ್ದರೆ ಕಾರ್ಡು ಪೂರ್ತಿ ವಿದ್ಯುತ್ ಎಳೆಯದಂತೆ ಮಾಡಿದ್ದಾರೆ. ಆದರೂ ಕಾರ್ಡನ್ನು ಕ್ಯಾಬಿನೆಟ್ಟಿಗೆ ಹಾಕಿದ ಮೇಲೆ ಟಾರ್ಚ್ ಹಿಡಿದು, ಕನೆಕ್ಟರಿಗೂ ಸಾಕೆಟ್ಟಿಗೂ ನಡುವೆ ಕೂದಲೆಳೆಯ ಸಂದೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತುದಿಯಿಂದ ಮೂರೂವರೆ ಸೆಂಟಿಮೀಟರಿನವರೆಗೆ ಕೇಬಲ್ಲನ್ನು ಬಗ್ಗಿಸಬೇಡಿ. ನಿಮ್ಮ ಕಾರ್ಡಿನಲ್ಲಿ 8 ಪಿನ್‌ನ ಎರಡು ಸಾಕೆಟ್ಟುಗಳಿದ್ದರೆ ಒಂದೇ ಕೇಬಲ್ಲಿನ ಕವಲುಗಳನ್ನು ಎರಡಕ್ಕೂ ಹಾಕದೆ ಬೇರೆ ಬೇರೆ ಎರಡು ಕೇಬಲ್ಲುಗಳನ್ನು ಎಳೆಯಿರಿ.

ಎಲ್ಲ ಜೋಡಿಸಿದ ಮೇಲೆ ಭಾರವಾದ ಆಟವೊಂದನ್ನು ಒಂದು ಗಂಟೆ ಓಡಿಸಿ. ನಡುವೆ ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಂಡರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ನೋಡಿ. ಅಲ್ಲಿ ಕರ್ನೆಲ್-ಪವರ್ 41 ಎಂಬ ನಮೂದು ಇದ್ದು, ಅದಕ್ಕೆ ಮೊದಲು ಬೇರೆ ಯಾವ ದೋಷವೂ ದಾಖಲಾಗಿರದಿದ್ದರೆ ವಿದ್ಯುತ್ ಮಧ್ಯದಲ್ಲಿ ಕಡಿದುಹೋಗಿರುವ ಸಂಭವವೇ ಹೆಚ್ಚು. ಆಗ ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ಮತ್ತೆ ಓಡಿಸಿ, ನಂತರ ಕನೆಕ್ಟರುಗಳನ್ನು ಕಿತ್ತು ಮತ್ತೆ ಕೂರಿಸಿ ನೋಡಿ. ಆಮೇಲೂ ಆರಿದರೆ ಬಿಲ್ಲಿನೊಡನೆ ಅಂಗಡಿಗೆ ಹೋಗಿ ಅದನ್ನು ಬದಲಾಯಿಸಿಕೊಡಲು ಕೇಳಿ. ಸರಿಯಾದ 650 ವ್ಯಾಟ್‌ನ ಪವರ್ ಸಪ್ಲೈ ಈ ಕಂಪ್ಯೂಟರಿನಲ್ಲಿ ಆರಬಾರದು.